‘ಕನ್ನಡ’ ಎಂಬ ಪದವನ್ನು ಮಗು ಓದುವುದು ಯಾವಾಗ?

‘ಕನ್ನಡ’ ಎಂಬ ಪದದಲ್ಲಿ ಇರುವುದು ಮೂರೇ ಅಕ್ಷರ. ಆದರೆ ನಡುವಿನದು ಒತ್ತಕ್ಷರ. ಮೊದಲು ವರ್ಣಮಾಲೆ, ಆಮೇಲೆ ಕಾಗುಣಿತ, ಕೊನೆಗೆ ಒತ್ತಕ್ಷರ ಎಂಬ ರೂಢಿಯ ಕ್ರಮದಲ್ಲಿ ಕಲಿಯುವ ಮಗು ತನ್ನ ಭಾಷೆಯ ಹೆಸರನ್ನು ಓದಲು ಕೊನೆಯ ಹಂತದವರೆಗೆ ಕಾಯಬೇಕು. ಭಾಷೆಯ ಹೆಸರು ಮಾತ್ರವಲ್ಲ, ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜಿಯರನ್ನೂ ಓದುವಂತಿಲ್ಲ. ಅಡುಗೆಮನೆಗೆ ಹೋದರೆ ಅನ್ನ, ಅಕ್ಕಿ, ರೊಟ್ಟಿ, ಬೆಲ್ಲ, ಉಪ್ಪು, ಬೆಣ್ಣೆ, ಮೊಟ್ಟೆ. ಅಂಗಳಕ್ಕೆ ಬಂದರೆ ಬೆಕ್ಕು, ಹಕ್ಕಿ, ಕಲ್ಲು, ಮಣ್ಣು, ಹುಲ್ಲು. ಮಗು ಬಾಯಲ್ಲಿ ದಿನಕ್ಕೆ ನೂರು ಸಲ ಆಡುವ ಈ ಮಾತುಗಳೆಲ್ಲ ಒತ್ತಿನವು. ಅದಕ್ಕೆ ಮೊದಲು ಓದಲು ಸಿಗುವುದು ಗರಗಸ, ಅಗಸ, ಅರಸ, ಸರ. ಎಷ್ಟು ಮಕ್ಕಳು ಗರಗಸವನ್ನು ಕಂಡಿದ್ದಾರೆ?

ಮಗುವಿನ ಬಾಯಲ್ಲಿರುವ ಕನ್ನಡಕ್ಕೂ ಅದು ಮೊದಲು ಓದುವ ಕನ್ನಡಕ್ಕೂ ನಡುವಿನ ಈ ಅಂತರವನ್ನು ವರ್ಷಗಟ್ಟಲೆ ಕೂತು ಅಳೆಯುವ, ಬೇರೆ ಕ್ರಮಗಳನ್ನು ಪರೀಕ್ಷಿಸಿ ನೋಡುವ ಕೆಲಸ ಒಬ್ಬ ಶಿಕ್ಷಕರಿಂದಾಗಲಿ ಒಂದು ಇಲಾಖೆಯ ಸುತ್ತೋಲೆಯಿಂದಾಗಲಿ ಆಗುವಂಥದ್ದಲ್ಲ. ಅದಕ್ಕೆ ವಿಶ್ವವಿದ್ಯಾಲಯದೊಳಗೆ, ಕನ್ನಡದ ಓದು-ಬರಹಕ್ಕೆಂದೇ ಮೀಸಲಾದ ಸಂಶೋಧನಾ ಕೇಂದ್ರ ಬೇಕು. ಈ ಮಾತನ್ನು ಈಗ ಆಡಲು ಕಾರಣವಿದೆ. 2021ರ ಜುಲೈ 5ರಂದು ಶುರುವಾದ ಕೇಂದ್ರ ಸರ್ಕಾರದ ‘ನಿಪುಣ್ ಭಾರತ್’ ಅಭಿಯಾನವು ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕೆಂಬ ಗುರಿಗೆ ಇಟ್ಟುಕೊಂಡ ಗಡುವು 2026-27. ಗಡುವಿನ ವರ್ಷದಲ್ಲಿ ಮಕ್ಕಳನ್ನು ಅಳೆಯುವುದಂತೂ ಖಂಡಿತ. ಆ ಅಳತೆಗೋಲು ಕನ್ನಡದ್ದೇ ಆಗಿರುತ್ತದೆಯೇ?

ಲಿಪಿಯ ಒಳಗಿನ ಕಷ್ಟ

ವರ್ಣಮಾಲೆಯಲ್ಲಿ 49 ಅಕ್ಷರ: 13 ಸ್ವರ, 2 ಯೋಗವಾಹ, 34 ವ್ಯಂಜನ. ಇಷ್ಟನ್ನು ಕಲಿತರೆ ಓದು ಬಂತು ಎಂದು ಬಹಳ ಮಂದಿ ನಂಬಿದ್ದಾರೆ. ಪುಟದ ಮೇಲೆ ಮಗುವಿಗೆ ಎದುರಾಗುವ ರೂಪಗಳ ಲೆಕ್ಕವೇ ಬೇರೆ. ಒಂದೊಂದು ವ್ಯಂಜನಕ್ಕೂ ‘ಕ’ದಿಂದ ‘ಕಃ’ವರೆಗೆ 15 ರೂಪಗಳಂತೆ 34 ವ್ಯಂಜನಗಳಿಗೆ 510. ಅದರ ಮೇಲೆ ಒತ್ತುಗಳು. ಇವೆಲ್ಲವೂ ಸಮನಾಗಿ ಬಳಕೆಯಲ್ಲಿಲ್ಲ, ನಿಜ. ‘ಙ’ಕ್ಕೆ ಕಾಗುಣಿತ ಹೇಳಿಸುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಆದರೂ ಒಂದು ಸಾಮಾನ್ಯ ಕಥೆಪುಸ್ತಕ ಓದಲು ನೂರಾರು ರೂಪಗಳು ಕಣ್ಣಿಗೆ ಪಳಗಿರಬೇಕು. ಇಂಗ್ಲಿಷಿನ 26 ಅಕ್ಷರಗಳಿಗಾಗಿ ಕಟ್ಟಿದ ‘ಒಂದನೇ ತರಗತಿಯಲ್ಲಿ ಅಕ್ಷರ ಮುಗಿಯಬೇಕು’ ಎಂಬ ಎಣಿಕೆ ಇಲ್ಲಿಗೆ ಒಗ್ಗುವುದಿಲ್ಲ.

ಎಣಿಕೆಗಿಂತ ಹೆಚ್ಚು ಕಾಡುವುದು ಜೋಡಣೆ. ‘ಅಕ್ಕಿ’ ಪದವನ್ನು ಹತ್ತಿರದಿಂದ ನೋಡಿ. ಬಾಯಲ್ಲಿ ಕ್, ಇನ್ನೊಂದು ಕ್, ಆಮೇಲೆ ಇ ಬರುತ್ತದೆ. ಹಾಳೆಯ ಮೇಲೆ ‘ಇ’ಯ ಗುಡಿಸು ಮೇಲಿನ ಕಕಾರದ ತಲೆಯ ಮೇಲಿದೆ, ಎರಡನೇ ಕಕಾರ ಒತ್ತಾಗಿ ಕೆಳಗೆ ಪಕ್ಕದಲ್ಲಿ ಕೂತಿದೆ. ಎಡದಿಂದ ಬಲಕ್ಕೆ, ಕಂಡದ್ದನ್ನು ಕಂಡ ಹಾಗೆ ಓದುವ ಮಗು ‘ಅ-ಕಿ-ಕ’ ಎನ್ನುತ್ತದೆ. ಇದನ್ನು ದಡ್ಡತನ ಎನ್ನುವವರಿದ್ದಾರೆ. ವಾಸ್ತವದಲ್ಲಿ ಆ ಮಗುವಿಗೆ ಗುಡಿಸೂ ಗೊತ್ತು, ಕಕಾರವೂ ಗೊತ್ತು, ಒತ್ತಿನ ರೂಪವೂ ಗೊತ್ತು. ಸ್ವರಚಿಹ್ನೆ ಮೇಲಿದ್ದರೂ ಅದರ ದನಿ ಒತ್ತಿನ ನಂತರ ಬರುತ್ತದೆ ಎಂಬ ಒಂದೇ ಒಂದು ಸೂತ್ರ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಅರ್ಕಾವತ್ತಿನದು ಇದರ ಉಲ್ಟಾ ಕಷ್ಟ. ‘ಸೂರ್ಯ’ದಲ್ಲಿ ರ್ ದನಿ ಮೊದಲು, ಬರಹದಲ್ಲಿ ಅದರ ಗುರುತು ಯಕಾರದ ನಂತರ. ಮಗು ‘ಸೂಯರ್’ ಎಂದು ಓದುತ್ತದೆ. ಸಾಲದೆಂಬಂತೆ ಕೆಲವರು ರಕಾರವನ್ನೇ ಬರೆದು ಕೆಳಗೆ ಯ ಒತ್ತು ಕೊಡುತ್ತಾರೆ. ಪಾಠಪುಸ್ತಕದಲ್ಲಿ ಒಂದು, ಗೋಡೆಯ ಮೇಲಿನ ಬರಹದಲ್ಲಿ ಇನ್ನೊಂದು. ದೊಡ್ಡವರು ಗಮನಿಸದ ಈ ವ್ಯತ್ಯಾಸ ಆರು ವರ್ಷದ ಕಣ್ಣಿಗೆ ಎರಡು ಬೇರೆ ಪದ.

ಒತ್ತಿನ ರೂಪಗಳಲ್ಲೂ ತರತಮವಿದೆ. ಹೆಚ್ಚಿನ ಒತ್ತುಗಳು ಮೂಲ ಅಕ್ಷರದ ತಲೆಕಟ್ಟು ತೆಗೆದ ಚಿಕ್ಕ ರೂಪ, ಅವನ್ನು ಗುರುತಿಸಬಹುದು. ತ, ನ, ಮ, ಯ, ರ, ಲಗಳ ಒತ್ತುಗಳು ಮಾತ್ರ ಮೂಲರೂಪವನ್ನು ಬಿಟ್ಟುಕೊಟ್ಟಿವೆ. ದುರದೃಷ್ಟಕ್ಕೆ ಹೆಚ್ಚು ಬಳಕೆಯಾಗುವವೂ ಇವೇ: ಹತ್ತು, ಅನ್ನ, ಅಮ್ಮ, ವಾಕ್ಯ, ಚಕ್ರ, ಎಲ್ಲ. ಇನ್ನು ‘ವ’ಕ್ಕೆ ಹೆಚ್ಚಿನ ಅಕ್ಷರಗಳ ಹಾಗೆ ಪಕ್ಕದಲ್ಲಿ ಕೊಂಬು ಕೊಟ್ಟರೆ ಅದು ‘ಮ’ದ ಹಾಗೆಯೇ ಕಾಣುತ್ತದೆ. ಅದಕ್ಕೇ ‘ವು’ವಿನ ಕೊಂಬು ಕೆಳಗಿನಿಂದ ಸುತ್ತಿ ಬರುತ್ತದೆ. ‘ಹೂವು’ ಬರೆಯಹೋಗಿ ‘ಹೂಮ’ ಬರೆದ ಮಗು ನಿಯಮವನ್ನು ತಪ್ಪದೆ ಪಾಲಿಸಿದೆ, ಅದಕ್ಕೆ ತಿಳಿಯದೆ ಹೋದದ್ದು ಅಪವಾದ.

ಅಳತೆ ಎಲ್ಲಿ ಜಾರುತ್ತದೆ

ಮಕ್ಕಳ ಕಲಿಕೆಯ ಮಟ್ಟ ನೋಡಲು 2005ರಿಂದ ನಡೆಯುತ್ತಿರುವ ‘ಅಸರ್’ ಸಮೀಕ್ಷೆಯ ಓದಿನ ಹಾಳೆಯಲ್ಲಿ ಅಕ್ಷರ, ಪದ, ಒಂದನೇ ತರಗತಿಯ ವಾಕ್ಯಗಳು, ಎರಡನೇ ತರಗತಿಯ ಕಥೆ ಎಂದು ನಾಲ್ಕು ಮೆಟ್ಟಿಲು. ಮನೆಮನೆಗೆ ಹೋಗಿ ಕೆಲವೇ ನಿಮಿಷಗಳಲ್ಲಿ ಮಗು ಎಲ್ಲಿದೆ ಎಂದು ನೋಡಲು ಮಾಡಿದ ಸಾಧನ ಅದು. ದೇಶದ ಕಣ್ಣು ತೆರೆಸಿದ ಕೆಲಸವನ್ನೂ ಮಾಡಿದೆ. ಆದರೆ ಕನ್ನಡದ ಮಟ್ಟಿಗೆ ಅಕ್ಷರದ ಮೆಟ್ಟಿಲಿನಿಂದ ಪದದ ಮೆಟ್ಟಿಲಿಗೆ ಇರುವ ಆ ಒಂದು ಹೆಜ್ಜೆಯೊಳಗೆ ಇಡೀ ಕಾಗುಣಿತ ಅಡಗಿದೆ, ಪದದಿಂದ ಕಥೆಗೆ ಹೋಗುವಷ್ಟರಲ್ಲಿ ಒತ್ತಕ್ಷರಗಳ ಲೋಕವೇ ದಾಟಿಹೋಗಿರುತ್ತದೆ. ‘ಅಕ್ಷರ ಮಟ್ಟ’ದಲ್ಲಿ ನಿಂತ ಮಗು ಗುಡಿಸಿನಲ್ಲಿ ನಿಂತಿದೆಯೋ ಕೊಂಬಿನಲ್ಲೋ ಎಂಬುದು ಸಮೀಕ್ಷೆಗೆ ಬೇಕಿಲ್ಲ. ನಾಳೆ ಬೆಳಿಗ್ಗೆ ಪಾಠ ಮಾಡಬೇಕಾದ ಶಿಕ್ಷಕರಿಗೆ ಬೇಕಾದದ್ದು ಅದೊಂದೇ.

ಇನ್ನೊಂದು ಅಳತೆ ವೇಗದ್ದು. ಮೂರನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕು ಎಂಬುದು ನಿಪುಣ್ ಗುರಿ. ‘ನಾನು ಶಾಲೆಗೆ ಹೋಗುತ್ತಿದ್ದೇನೆ’ ಎನ್ನುವುದರಲ್ಲಿ 3 ಪದ, 10 ಅಕ್ಷರ. ಅದನ್ನೇ ಹಿಂದಿಯಲ್ಲಿ ‘ಮೈಂ ಸ್ಕೂಲ್ ಜಾ ರಹಾ ಹೂಂ’ ಎಂದರೆ 5 ಪದ, ದೇವನಾಗರಿಯಲ್ಲಿ 7 ಅಕ್ಷರ. ಈ ಒಂದು ವಾಕ್ಯದ ಲೆಕ್ಕವನ್ನೇ ಹಿಡಿದರೆ, ನಿಮಿಷಕ್ಕೆ 60 ಪದ ಓದುವ ಹಿಂದಿ ಮಗು 84 ಅಕ್ಷರ ದಾಟಿರುತ್ತದೆ, ಕನ್ನಡದ ಮಗು 200 ದಾಟಬೇಕು. ಎಲ್ಲ ವಾಕ್ಯಗಳಲ್ಲೂ ವ್ಯತ್ಯಾಸ ಇಷ್ಟೇ ಇರುವುದಿಲ್ಲ, ಆದರೆ ದಿಕ್ಕು ಬದಲಾಗುವುದಿಲ್ಲ. ಕನ್ನಡ ಪ್ರತ್ಯಯಗಳನ್ನು ಪದಕ್ಕೇ ಅಂಟಿಸಿಕೊಳ್ಳುವ ಭಾಷೆ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು (ಎನ್‌ಸಿಇಆರ್‌ಟಿ) 2022ರಲ್ಲಿ ನಡೆಸಿದ ಬುನಾದಿ ಕಲಿಕಾ ಅಧ್ಯಯನವು 20 ಭಾಷೆಗಳಿಗೆ ಬೇರೆ ಬೇರೆ ಮಾನದಂಡ ಗೊತ್ತುಮಾಡಿದ್ದು ಈ ಕಾರಣಕ್ಕೆ ಸರಿಯಾದ ಹೆಜ್ಜೆ. ಆದರೂ ಅಲ್ಲಿಯ ಎಣಿಕೆ ಪದದ್ದೇ. ಕನ್ನಡಕ್ಕೆ ನಿಮಿಷಕ್ಕೆ ಇಷ್ಟು ಸರಿಯಾದ ಅಕ್ಷರ ಎಂಬ ಲೆಕ್ಕ ಹೆಚ್ಚು ನ್ಯಾಯದ್ದು. ‘ಹೋಗುತ್ತಿದ್ದೇನೆ’ಯಲ್ಲಿ ಐದಕ್ಕೆ ನಾಲ್ಕು ಅಕ್ಷರ ಸರಿ ಓದಿದ ಮಗುವಿಗೂ ಪದವನ್ನು ಮುಟ್ಟದೆ ಬಿಟ್ಟ ಮಗುವಿಗೂ ಪದದ ಲೆಕ್ಕದಲ್ಲಿ ಒಂದೇ ಸೊನ್ನೆ.

ಮನೆಮಾತಿನ ವಿಷಯ ಇದಕ್ಕೇ ಅಂಟಿಕೊಂಡಿದೆ. ಧಾರವಾಡದ ಕಡೆಯ ಮಗು ‘ಮನೆ’ ಎಂದು ಬರೆದದ್ದನ್ನು ‘ಮನಿ’ ಎಂದು ಓದಿದರೆ ಅದು ಸರಿಯಾದ ಓದು, ಪದವನ್ನು ಗುರುತಿಸಿ ತನ್ನ ಬಾಯಲ್ಲಿ ಹೇಳಿದೆ. ಅದೇ ಮಗು ಬಿಡಿ ಅಕ್ಷರಗಳ ಪಟ್ಟಿಯಲ್ಲಿ ‘ನೆ’ಯನ್ನು ‘ನಿ’ ಎಂದರೆ ಎತ್ವ ಕಲಿಸಬೇಕಾಗಿದೆ ಎಂದು ಅರ್ಥ. ಈ ಎರಡನ್ನೂ ಒಂದೇ ಕೆಂಪು ಗೆರೆಯಿಂದ ಹೊಡೆದು ಹಾಕುವ ಪರೀಕ್ಷೆ ಮಗುವಿನ ಮನೆಮಾತನ್ನು ತಪ್ಪು ಎಂದು ಹೇಳಿಕೊಡುತ್ತದೆ. ಹಳೇ ಮೈಸೂರಿನ ಕಡೆ ‘ಹಾಲು’ ‘ಆಲು’ ಆಗುವಲ್ಲಿಯೂ ಇದೇ ಎಚ್ಚರ ಬೇಕು. ಮನೆಯಲ್ಲಿ ಲಂಬಾಣಿ, ಉರ್ದು, ತುಳು, ಕೊಂಕಣಿ, ಕೊಡವ ಆಡುವ ಮಕ್ಕಳಿಗಂತೂ ಪ್ರಶ್ನೆ ಉಚ್ಚಾರಣೆಯದ್ದಲ್ಲ. ಓದಿದ ಪದದ ಅರ್ಥವೇ ಅವರ ಬಳಿ ಇನ್ನೂ ಇರುವುದಿಲ್ಲ.

ಈಗಾಗಲೇ ಗೊತ್ತಿರುವುದು

ನಾವು ಶೂನ್ಯದಿಂದ ಶುರುಮಾಡಬೇಕಾಗಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞೆ ಸೋನಾಲಿ ನಾಗ್ ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಎರಡು ಸಂಗತಿಗಳನ್ನು ತೋರಿಸಿಕೊಟ್ಟಿತು. ಅಕ್ಷರ ಕಲಿಕೆ ನಾಲ್ಕನೇ ತರಗತಿಯಾದರೂ ಮುಗಿದಿರುವುದಿಲ್ಲ. ‘ಕ’ದಂಥ ಇಡೀ ಅಕ್ಷರದ ದನಿಯನ್ನು ಬಿಡಿಸಿ ಹೇಳುವುದು ಮಕ್ಕಳಿಗೆ ಬೇಗ ಒಲಿಯುತ್ತದೆ, ಅದರೊಳಗಿನ ‘ಕ್’ ಮತ್ತು ‘ಅ’ಗಳನ್ನು ಬೇರ್ಪಡಿಸಿ ಕೇಳಿಸಿಕೊಳ್ಳುವುದು ನಿಧಾನಕ್ಕೆ ಬರುತ್ತದೆ. ಕಾಗುಣಿತ ಯಾಕೆ ಕಷ್ಟ ಎಂಬುದಕ್ಕೆ ಇಲ್ಲಿ ಉತ್ತರವಿದೆ: ‘ಕ’ವನ್ನು ಒಡೆಯಲಾಗದ ಗಟ್ಟಿ ಎಂದುಕೊಂಡ ಮಗುವಿಗೆ ಅದರ ‘ಅ’ ತೆಗೆದು ‘ಇ’ ಹಾಕು ಎಂದರೆ ಹೇಗೆ ತಿಳಿದೀತು?

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಶೈಲಜಾ ಮೆನನ್ ಮತ್ತು ಸಂಗಡಿಗರು ಯಾದಗಿರಿ ಜಿಲ್ಲೆಯ ಕನ್ನಡ ಶಾಲೆಗಳಲ್ಲೂ ಮಹಾರಾಷ್ಟ್ರದ ಪಾಲಘರ್ ಜಿಲ್ಲೆಯ ಮರಾಠಿ ಶಾಲೆಗಳಲ್ಲೂ ಮಕ್ಕಳನ್ನು ಒಂದರಿಂದ ಮೂರನೇ ತರಗತಿಯವರೆಗೆ ಹಿಂಬಾಲಿಸಿದರು. ‘ಲಿರಿಲ್’ ಎಂದು ಹೆಸರಾದ ಆ ಅಧ್ಯಯನದ ವರದಿ 2017ರಲ್ಲಿ ಬಂತು. ಮೂರು ವರ್ಷ ಶಾಲೆಗೆ ಬಂದರೂ ಬಹಳ ಮಕ್ಕಳು ಅಕ್ಷರಗಳಲ್ಲೇ ಸಿಕ್ಕಿಕೊಂಡಿದ್ದರು, ಬರವಣಿಗೆ ಎಂದರೆ ಹಲಗೆ ನೋಡಿ ನಕಲು ಮಾಡುವುದಾಗಿತ್ತು, ಅರ್ಥದ ಕಡೆಗೆ ತರಗತಿಯ ಗಮನ ತೀರ ಕಡಿಮೆ ಎಂಬುದು ಅದರ ಸಾರ.

ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಮೊಳೆತ ‘ನಲಿಕಲಿ’ ಎಂಬ ಚಟುವಟಿಕೆಯ ಕಲಿಕಾ ಕ್ರಮ ಇನ್ನೊಂದು ದೊಡ್ಡ ಆಸ್ತಿ. ಅ-ಆ-ಇ-ಈ ಕ್ರಮವನ್ನು ಬಿಟ್ಟು ‘ರ ಗ ಸ ದ ಅ’, ‘ಜ ವ ಮ ಬ ನ’ ಎಂದು ಗುಂಪು ಕಟ್ಟಿ, ಐದು ಅಕ್ಷರ ಬಂದ ಕೂಡಲೇ ಮಗುವಿನ ಕೈಗೆ ಓದಲು ಪದ ಕೊಟ್ಟದ್ದು ಧೈರ್ಯದ ಕೆಲಸ. ವರ್ಣಮಾಲೆಯ ಕ್ರಮ ವ್ಯಾಕರಣಕ್ಕೆ ಸೊಗಸು, ಕಲಿಕೆಗೆ ಕಡ್ಡಾಯವಲ್ಲ ಎಂದು ನಮ್ಮದೇ ಸರ್ಕಾರಿ ಶಾಲೆಗಳು ತೋರಿಸಿಕೊಟ್ಟಿವೆ. ಆದರೆ ಒತ್ತಕ್ಷರವನ್ನು ಇನ್ನಷ್ಟು ಮುಂದಕ್ಕೆ ತಂದು, ಮೊದಲ ಐದು ಅಕ್ಷರಗಳ ಜತೆಗೇ ‘ಅಮ್ಮ, ಅಕ್ಕ, ಅಪ್ಪ’ ಕೊಟ್ಟರೆ ಏನಾಗುತ್ತದೆ? ಗೊಂದಲವಾಗುತ್ತದೋ, ಓದು ಬೇಗ ಹಿಡಿಯುತ್ತದೋ? ಅಭಿಪ್ರಾಯಗಳಿಗೆ ಬರವಿಲ್ಲ, ಪರೀಕ್ಷಿಸಿ ನೋಡಿದ ಉತ್ತರ ಬೇಕು.

ಸಂಶೋಧನಾ ಕೇಂದ್ರ ಮಾಡಬೇಕಾದ ಕೆಲಸ

ಬೇಕಾದ ವಿದ್ಯೆಯೆಲ್ಲ ಕರ್ನಾಟಕದಲ್ಲೇ ಇದೆ, ಅದೂ ಬಹುಪಾಲು ಮೈಸೂರಿನಲ್ಲೇ. ಭಾಷಾವಿಜ್ಞಾನಕ್ಕೆ 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನ, ಮಾತು-ಓದಿನ ತೊಂದರೆಗಳಿಗೆ 1965ರ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಶಿಕ್ಷಕರ ತಯಾರಿಗೆ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ತೊಡಕಿರುವುದು ಹಂಚಿಕೆಯಲ್ಲಿ. ಕನ್ನಡ ವಿಭಾಗಕ್ಕೆ ಆರು ವರ್ಷದ ಮಗುವಿನ ಓದು ಶಿಕ್ಷಣ ವಿಭಾಗದ ವಿಷಯ. ಶಿಕ್ಷಣ ವಿಭಾಗಕ್ಕೆ ಒತ್ತಕ್ಷರ ಕನ್ನಡದವರ ವಿಷಯ. ಮನಶ್ಶಾಸ್ತ್ರದವರ ಕೈಯಲ್ಲಿರುವುದು ಇಂಗ್ಲಿಷಿನಿಂದ ಬಂದ ಪರೀಕ್ಷೆಗಳು. ಹೀಗಾಗಿ ಒಂದು ಪಿಎಚ್‌.ಡಿ. ಇಲ್ಲಿ, ಒಂದು ಯೋಜನೆ ಅಲ್ಲಿ ಮುಗಿದು, ಸಂಗ್ರಹಿಸಿದ ಮಾಹಿತಿ ಕಪಾಟಿನಲ್ಲಿ ಉಳಿಯುತ್ತದೆ.

ಕೇಂದ್ರದ ಮೊದಲ ಕೆಲಸ ಮಕ್ಕಳ ಪುಸ್ತಕಗಳ ಪದಕೋಶ. ಪಠ್ಯಪುಸ್ತಕಗಳನ್ನೂ ಮಕ್ಕಳ ಕಥೆಪುಸ್ತಕಗಳನ್ನೂ ಯೂನಿಕೋಡಿಗೆ ತಂದು ಯಾವ ಪದ, ಯಾವ ಅಕ್ಷರರೂಪ ಎಷ್ಟು ಸಲ ಬರುತ್ತದೆ ಎಂದು ಎಣಿಸಬೇಕು. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತೂ ಒತ್ತುಗಳೂ ಸ್ಥಾನ ತಪ್ಪುವುದು ಮಾಮೂಲು. ಯಂತ್ರ ಎಣಿಸಿದ್ದನ್ನು ಕಣ್ಣಿನಿಂದ ತಾಳೆ ನೋಡದಿದ್ದರೆ ಯಾವುದನ್ನು ಹುಡುಕುತ್ತಿದ್ದೇವೋ ಅದೇ ತಪ್ಪಾಗಿ ಲೆಕ್ಕಕ್ಕೆ ಬರುತ್ತದೆ. ಎಣಿಕೆ ಸರಿಯಾಗಿ ಆದರೆ ‘ಙ, ಞ, ಝ’ಗಳಿಗೆ ಒಂದನೇ ತರಗತಿಯ ಸಮಯ ಕೊಡಬೇಕೇ, ‘ಲ್ಲ, ತ್ತ, ದ್ದ’ಗಳಿಗೆ ಕೊಡಬೇಕೇ ಎಂಬುದು ವಾದದ ವಿಷಯವಾಗಿ ಉಳಿಯುವುದಿಲ್ಲ.

ಎರಡನೆಯದು ಪರೀಕ್ಷೆ. ನಾವು ಸೂಚಿಸುವ ಮಾದರಿ 60 ಅಕ್ಷರಗಳದ್ದು: 15 ಬಿಡಿ ಅಕ್ಷರ, 25 ಗುಣಿತಾಕ್ಷರ, 8 ಸಜಾತೀಯ ಒತ್ತು (‘ಕ್ಕ’ದಂಥವು), 7 ವಿಜಾತೀಯ ಒತ್ತು (‘ಸ್ತ’ದಂಥವು), ಅರ್ಕಾವತ್ತು ಮತ್ತು ಅನುಸ್ವಾರ ಸೇರಿ 5. ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿದರೆ ಮಗು ಓದುವುದಿಲ್ಲ, ಬಾಯಿಪಾಠ ಒಪ್ಪಿಸುತ್ತದೆ. ಆದ್ದರಿಂದ ಕಲಸಿ ಹಾಕಬೇಕು. ಒಂದು ಸಾಲಿಗೆ ಐದಕ್ಕಿಂತ ಹೆಚ್ಚು ಅಕ್ಷರ ಬೇಡ, ಓದದ ಸಾಲುಗಳನ್ನು ಬಿಳಿ ಹಾಳೆಯಿಂದ ಮುಚ್ಚಬೇಕು. ಒಂದು ಅಕ್ಷರಕ್ಕೆ ಐದು ಸೆಕೆಂಡ್ ಕಾದು ಮುಂದೆ ಹೋಗಬೇಕು. ಸತತ ತಪ್ಪಾದರೆ ಆ ಗುಂಪನ್ನು ನಿಲ್ಲಿಸಬಹುದು, ಇಡೀ ಪರೀಕ್ಷೆಯನ್ನಲ್ಲ. ಬಿಡಿ ‘ಮ’ ಗೊತ್ತಿಲ್ಲದ ಮಗು ‘ಅಮ್ಮ’ದ ‘ಮ್ಮ’ವನ್ನು ಗುರುತಿಸುವುದುಂಟು. ತಾನೇ ತಿದ್ದಿಕೊಂಡದ್ದನ್ನು ಸರಿ ಎಂದು ಲೆಕ್ಕ ಹಾಕಬೇಕು.

ಇದರ ಜತೆಗೆ ಒಂದು ನಿಮಿಷದ ಓದು, ಓದಿದ್ದರ ಬಗ್ಗೆ ನಾಲ್ಕೈದು ಬಾಯಿಮಾತಿನ ಪ್ರಶ್ನೆ, ಹತ್ತು ಪದಗಳ ಉಕ್ತಲೇಖನ. ಮಗುವಿಗೆ 15 ನಿಮಿಷ ಹಿಡಿದರೆ 30 ಮಕ್ಕಳ ತರಗತಿಗೆ ಏಳೂವರೆ ಗಂಟೆ, ಅಂದರೆ ಎರಡು ಶಾಲಾ ದಿನ. ಓದನ್ನು ಧ್ವನಿಮುದ್ರಿಸಿ ಇಬ್ಬರು ಪರಸ್ಪರ ನೋಡದೆ ಅಂಕ ಕೊಡಬೇಕು. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಇಬ್ಬರಿಗೂ ತಾಳೆಯಾಗದಿದ್ದರೆ ನಿಯಮ ಅಸ್ಪಷ್ಟವಾಗಿದೆ ಎಂದರ್ಥ, ಮಕ್ಕಳ ಬಳಿಗೆ ಹೋಗುವ ಮೊದಲು ನಿಯಮವನ್ನು ತಿದ್ದಬೇಕು.

ಉಕ್ತಲೇಖನವನ್ನು ಹಳೆಯ ಕಾಲದ್ದು ಎಂದು ತಳ್ಳಿಹಾಕುವವರು ಅದನ್ನು ಅಂಕಕ್ಕಾಗಿ ಮಾತ್ರ ನೋಡಿದವರು. ‘ಪುಸ್ತಕ’ ಎಂದು ಹೇಳಿ ಬರೆಯಿಸಿ. ‘ಪುಸತಕ’ ಎಂದು ಬರೆದ ಮಗುವಿಗೆ ದನಿಗಳೆಲ್ಲ ಕೇಳಿಸಿವೆ, ಒತ್ತು ಕೊಡುವುದು ಬಂದಿಲ್ಲ. ‘ಪುತ್ಸಕ’ ಬರೆದದ್ದಕ್ಕೆ ಒತ್ತು ಗೊತ್ತು, ಯಾವುದು ಮೇಲೆ ಯಾವುದು ಕೆಳಗೆ ಎಂಬುದು ಗೊತ್ತಿಲ್ಲ. ‘ಪಸ್ತಕ’ ಬರೆದದ್ದಕ್ಕೆ ಒತ್ತಿನ ಚಿಂತೆಯೇ ಇಲ್ಲ, ಕೊಂಬು ಬೇಕು. ‘ಪುಕ’ ಎಂದು ಬರೆದ ಮಗುವನ್ನು ಮಾತ್ರ ಬರವಣಿಗೆಗೆ ಕೂರಿಸದೆ, ಚಪ್ಪಾಳೆ ತಟ್ಟಿಸಿ ಪು-ಸ್ತ-ಕ ಎಂದು ಬಿಡಿಸಿ ಹೇಳಿಸುವುದರಿಂದ ಶುರುಮಾಡಬೇಕು. ನಾಲ್ಕೂ ಮಕ್ಕಳಿಗೆ ಸೊನ್ನೆ ಕೊಟ್ಟು ‘ಹತ್ತು ಸಲ ಬರಿ’ ಎಂದರೆ ನಾಲ್ಕು ಬೇರೆ ಬೇರೆ ಕಾಯಿಲೆಗೆ ಒಂದೇ ಮಾತ್ರೆ ಕೊಟ್ಟ ಹಾಗೆ.

ಸಂಶೋಧಕರ 15 ನಿಮಿಷದ ಪರೀಕ್ಷೆ ಶಿಕ್ಷಕರಿಗೆ ಆಗದು. ಒಬ್ಬರೇ ಮೂರು ತರಗತಿ ನೋಡಿಕೊಳ್ಳುವಲ್ಲಿ 20 ಅಕ್ಷರ, 5 ಪದಗಳ ಉಕ್ತಲೇಖನ, ಒಂದು ನಿಮಿಷದ ಓದು ಸಾಕು. ಉಕ್ತಲೇಖನ ಇಡೀ ತರಗತಿಗೆ ಒಟ್ಟಿಗೇ ಆಗುತ್ತದೆ, ಉಳಿದದ್ದಕ್ಕೆ ಮಗುವಿಗೆ ನಾಲ್ಕು ನಿಮಿಷ ಎಂದಿಟ್ಟುಕೊಂಡರೂ 30 ಮಕ್ಕಳಿಗೆ ಎರಡು ಗಂಟೆ, ದಿನಕ್ಕೆ ಆರು ಮಕ್ಕಳಂತೆ ಒಂದು ವಾರ. ಕೇಂದ್ರ ಕೊಡಬೇಕಾದದ್ದು ಅಂಕಪಟ್ಟಿಯನ್ನಲ್ಲ, ‘ಈ ತಪ್ಪು ಕಂಡರೆ ಈ ಚಟುವಟಿಕೆ’ ಎಂಬ ಒಂದು ಪುಟದ ಕೈಪಿಡಿಯನ್ನು.

ಒತ್ತಕ್ಷರ ಮೊದಲೋ ಆಮೇಲೋ ಎಂಬ ಪ್ರಶ್ನೆಗೆ ಬಂದರೆ, ಅದನ್ನು ಒಂದೇ ಶಾಲೆಯ ಎರಡು ವಿಭಾಗಗಳಲ್ಲಿ ಹೋಲಿಸಿ ನೋಡಲಾಗದು. ಶಿಕ್ಷಕರು ಒಬ್ಬರಿಂದೊಬ್ಬರು ಒಳ್ಳೆಯದನ್ನು ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಲೂ ಬೇಕು. ಶಾಲೆಗಳನ್ನೇ ಚೀಟಿ ಎತ್ತಿ ಎರಡು ಗುಂಪು ಮಾಡಬೇಕು. ಒಂದು ಗುಂಪಿಗೆ ಈಗಿನ ಕ್ರಮ, ಇನ್ನೊಂದಕ್ಕೆ ಮೊದಲ ಅರ್ಧವರ್ಷದಲ್ಲೇ ‘ಮ್ಮ, ಪ್ಪ, ಕ್ಕ, ಲ್ಲ, ತ್ತ, ನ್ನ’. ಮೂರನೇ ತರಗತಿಯ ಕೊನೆಯವರೆಗೆ ಅವೇ ಮಕ್ಕಳನ್ನು ನೋಡಬೇಕು, ಕಬ್ಬು ಕಡಿಯುವ ಕಾಲಕ್ಕೆ ತಂದೆತಾಯಿಯ ಜತೆ ಗುಳೆ ಹೋಗಿ ಮರಳುವವರನ್ನೂ ಬಿಡದೆ. ಅವರನ್ನು ಲೆಕ್ಕದಿಂದ ಕೈಬಿಟ್ಟರೆ ಫಲಿತಾಂಶ ಚೆನ್ನಾಗಿ ಕಾಣುತ್ತದೆ, ಯಾರಿಗಾಗಿ ಸಂಶೋಧನೆಯೋ ಅವರೇ ಅದರಲ್ಲಿ ಇರುವುದಿಲ್ಲ.

ಫಿನ್ಲೆಂಡಿನ ಯುವಾಸ್ಕ್ಯುಲ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಸುಮಾರು 200 ಮಕ್ಕಳನ್ನು ಹುಟ್ಟಿನಿಂದಲೇ ಹಿಂಬಾಲಿಸತೊಡಗಿದರು. ಅವರಲ್ಲಿ ಸರಿಸುಮಾರು ಅರ್ಧದಷ್ಟು ಮಕ್ಕಳ ಮನೆಯವರಲ್ಲಿ ಓದಿನ ತೊಂದರೆಯ ಹಿನ್ನೆಲೆಯಿತ್ತು. ಶಾಲೆಗೆ ಬರುವ ಮೊದಲೇ ಯಾವ ಮಗುವಿಗೆ ನೆರವು ಬೇಕಾದೀತು ಎಂದು ಗುರುತಿಸುವುದನ್ನು ಆ ದೀರ್ಘ ಕೆಲಸ ಕಲಿಸಿತು, ‘ಗ್ರಾಫೋಗೇಮ್’ ಎಂಬ ಅಕ್ಷರ ಕಲಿಕೆಯ ಆಟವೂ ಅದರಿಂದಲೇ ಹುಟ್ಟಿತು. ಫಿನ್ನಿಶ್ ಭಾಷೆಯಲ್ಲಿ ಅಕ್ಷರಕ್ಕೂ ದನಿಗೂ ಹೆಚ್ಚುಕಡಿಮೆ ನೇರ ಹೊಂದಾಣಿಕೆ, ಅಕ್ಷರಗಳೂ ಮೂವತ್ತಕ್ಕಿಂತ ಕಡಿಮೆ. ಅಂಥ ಭಾಷೆಗೇ ಅಷ್ಟು ವರ್ಷಗಳ ಶ್ರಮ ಬೇಕಾಯಿತು.

ಕನ್ನಡದ ಕೇಂದ್ರಕ್ಕೆ ವರ್ಷಕ್ಕೊಮ್ಮೆ ನವೀಕರಿಸುವ ಯೋಜನಾ ಅನುದಾನ ಸಾಲದು. ಕನಿಷ್ಠ ಐದು ವರ್ಷದ ಹಣ ಒಟ್ಟಿಗೆ ಬೇಕು: ಮೊದಲ ವರ್ಷ ಪದಕೋಶ ಮತ್ತು ಪರೀಕ್ಷೆಯ ತಯಾರಿಗೆ, ನಡುವಿನ ಮೂರು ವರ್ಷ ಒಂದೇ ಮಕ್ಕಳ ತಂಡದ ಜತೆ, ಕೊನೆಯ ವರ್ಷ ವಿಶ್ಲೇಷಣೆಗೂ ಕೈಪಿಡಿಗೂ. ಖಾಯಂ ಹುದ್ದೆಗಳಲ್ಲಿ ಒಬ್ಬ ಭಾಷಾವಿಜ್ಞಾನಿ, ಒಬ್ಬ ಮನಶ್ಶಾಸ್ತ್ರಜ್ಞ, ಒಬ್ಬ ಸಂಖ್ಯಾಶಾಸ್ತ್ರಜ್ಞರ ಜತೆಗೆ ನಲಿಕಲಿ ತರಗತಿಯಲ್ಲಿ ಹತ್ತು ವರ್ಷ ಕಳೆದ ಇಬ್ಬರು ಶಿಕ್ಷಕಿಯರು ಇರಬೇಕು, ಅತಿಥಿಗಳಾಗಿ ಅಲ್ಲ, ಸಹಸಂಶೋಧಕರಾಗಿ. ‘ಅ-ಕಿ-ಕ’ ಎಂದು ಓದುವ ಮಗುವಿನ ದನಿ ಮೊದಲು ಬೀಳುವುದು ಅವರ ಕಿವಿಗೆ.